ಮಾತ್ರೆಗೆ ಬಗ್ಗದ ಗಡ್ಡೆ

ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಮಾತ್ರೆ ಮೊದಮೊದಲು ಚೆನ್ನಾಗಿ ಕೆಲಸ ಮಾಡಿ, ಆಮೇಲೆ ನಾಟದಂತಾಗುವುದು ಏಕೆ? ಮಾತ್ರೆಯೇ ರೋಗವನ್ನು ಬಲಪಡಿಸುತ್ತದೆಯೇ?

ಮಾತ್ರೆ ಹೆಚ್ಚಾಗಿ ಮಾಡುವುದು ಆಯ್ಕೆಯ ಕೆಲಸ. ಕೆಲವರ ಗಡ್ಡೆಯಲ್ಲಿ ಇಜಿಎಫ್ಆರ್ ಎಂಬ ಪ್ರೋಟೀನು ಜೀನಿನ ದೋಷದಿಂದಾಗಿ, ಬೆಳೆಯುತ್ತಲೇ ಇರು ಎಂದು ಕೋಶಕ್ಕೆ ಬಿಡುವಿಲ್ಲದೆ ಸೂಚನೆ ಕೊಡುತ್ತಿರುತ್ತದೆ. ಈ ಪ್ರೋಟೀನಿನಲ್ಲಿ, ಅದನ್ನು ನಡೆಸುವ ಎಟಿಪಿ ಅಣು ಬಂದು ಕೂರಲು ಪುಟ್ಟ ಕುಳಿಯೊಂದಿದೆ. ತುಂಬಿದ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂತೆ ಜೆಫಿಟಿನಿಬ್, ಎರ್ಲೋಟಿನಿಬ್ ಮಾತ್ರೆಗಳು ಆ ಜಾಗ ಹಿಡಿಯುತ್ತವೆ, ಗಡ್ಡೆ ಕುಗ್ಗುತ್ತದೆ. ಆದರೆ ಕೋಟ್ಯಂತರ ಕೋಶಗಳ ನಡುವೆ ಕೆಲವೇ ಕೆಲವು ಬೇರೆಯಾಗಿರುತ್ತವೆ: ಪ್ರೋಟೀನಿನ 790ನೇ ಸ್ಥಾನದಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲದ ಬದಲು ಮೆಥಿಯೋನಿನ್. ಇಷ್ಟು ಸಣ್ಣ ವ್ಯತ್ಯಾಸಕ್ಕೇ ಎಟಿಪಿಯ ಹಿಡಿತ ಬಿಗಿಯಾಗಿ, ಔಷಧಿಗೆ ಸೀಟು ಸಿಗದಾಗುತ್ತದೆ. ಉಳಿದವು ಸತ್ತ ಮೇಲೆ ಇವುಗಳ ಸಂತತಿಯೇ ಬೆಳೆಯುತ್ತದೆ. ಈ ಮಾತ್ರೆಗಳಿಗೆ ಬಗ್ಗದ ಗಡ್ಡೆಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಕಂಡದ್ದು ಇದೇ ಬದಲಾವಣೆ.

ಡೋಸ್ ಹೆಚ್ಚಿಸಿದರಾಗದೇ ಎಂದು ಕೇಳಬಹುದು. ಆರೋಗ್ಯವಂತ ಚರ್ಮಕ್ಕೂ ಕರುಳಿಗೂ ಇದೇ ಪ್ರೋಟೀನು ಬೇಕು. ಗುಳ್ಳೆ, ಭೇದಿ ಮಿತಿಮೀರುತ್ತವೆ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಸಿಮರ್ಟಿನಿಬ್ ಬೇರೆ ಉಪಾಯ ಹೂಡಿತು: 797ನೇ ಸ್ಥಾನದ ಸಿಸ್ಟೀನಿಗೆ ಬಿಡಿಸಲಾಗದಂತೆ ಅಂಟಿಕೊಂಡಿತು. ಅದಕ್ಕೂ ಸೋಲದ ಗಡ್ಡೆಗಳಿವೆ. ಕೆಲವುಗಳಲ್ಲಿ ಆ ಸಿಸ್ಟೀನೇ ಬದಲಾಗಿರುತ್ತದೆ. ಕೆಲವುಗಳಲ್ಲಿ ಮೆಟ್ ಎಂಬ ಜೀನಿನ ಪ್ರತಿಗಳು ಹೆಚ್ಚಾಗಿ, ಬೆಳವಣಿಗೆಯ ಸೂಚನೆ ಬಳಸುದಾರಿಯಲ್ಲಿ ಸಾಗುತ್ತದೆ. ಅಪರೂಪಕ್ಕೆ ಗಡ್ಡೆ ಸಣ್ಣ ಕೋಶದ ಕ್ಯಾನ್ಸರ್ ಆಗಿ ಮಾರ್ಪಡುವುದೂ ಉಂಟು. ಆದ್ದರಿಂದಲೇ ಮಾತ್ರೆ ನಾಟದಾದಾಗ ಮತ್ತೊಮ್ಮೆ ಬಯಾಪ್ಸಿ ಅಥವಾ ರಕ್ತದಲ್ಲಿನ ಗಡ್ಡೆಯ ಡಿಎನ್ಎ ಪರೀಕ್ಷೆ ಮಾಡಿ, ಮುಂದಿನ ಔಷಧಿಯನ್ನು ನಿರ್ಧರಿಸುತ್ತಾರೆ.