ಕೂಸಿನ ಕೈ ಮುಚ್ಚಿಡಬೇಡಿ



ನಮ್ಮ ಧುಪದಾಳ, ಘಟಪ್ರಭಾ ಕಡೆ ಹೆರಿಗೆ ಆದ ಕೂಡಲೇ ಎಲ್ಲರೂ ಕೇಳುವ ಮಾತು ಒಂದೇ: "ಗಂಡೋ, ಹೆಣ್ಣೋ?" ಆದರೆ ಹುಟ್ಟಿದ ಕೂಸಿಗೆ ಒಂದು ಕೈ ಮೊಣಕೈತನಕ ಮಾತ್ರ ಇದ್ದರೆ, ಇಲ್ಲವೇ ಬೆರಳುಗಳೇ ಇಲ್ಲದಿದ್ದರೆ ಮಾತು ಬದಲಾಗುತ್ತದೆ. "ಗ್ರಹಣದಾಗ ಕಾಯಿಪಲ್ಯ ಹೆಚ್ಚಿದ್ದೇನು? ಯಾರ ಶಾಪ ತಗೊಂಡಿ?" ಎಂದು ಬಾಣಂತಿಯನ್ನೇ ಕೇಳುತ್ತಾರೆ. ಆಕೆ ಕೂಸಿನ ಕೈಗೆ ಅರಿವೆ ಸುತ್ತಿ ಮುಚ್ಚಿಡುತ್ತಾಳೆ. ಲಸಿಕೆ ಹಾಕಿಸಲು ಹೊರಗೆ ಬರುವುದಿಲ್ಲ. ಸಂಘದ ಸಭೆಗೂ ಬರುವುದನ್ನು ಬಿಡುತ್ತಾಳೆ. ಇಂಥ ತಾಯಿಗೆ ನಾವು ಏನು ಹೇಳಬೇಕು?

ತಪ್ಪು ಯಾರದು?

ತಾಯಿಯದಂತೂ ಅಲ್ಲ. ಗರ್ಭ ನಿಂತ ನಾಲ್ಕನೇ ವಾರದ ಸುಮಾರಿಗೆ ಕೂಸಿನ ಕೈಕಾಲು ಸಣ್ಣ ಮೊಗ್ಗಿನಂತೆ ಮೂಡುತ್ತವೆ. ಎಂಟನೇ ವಾರದ ಹೊತ್ತಿಗೆ ಬೆರಳುಗಳು ಬೇರೆ ಬೇರೆ ಆಗಿರುತ್ತವೆ. ಎಷ್ಟೋ ಮಂದಿಗೆ ತಾವು ಬಸುರಿ ಎಂದು ಖಾತ್ರಿ ಆಗುವುದರೊಳಗೆ ಈ ಕೆಲಸ ಅರ್ಧ ಮುಗಿದಿರುತ್ತದೆ. ಆಗ ಬೆಳವಣಿಗೆಗೆ ತಡೆ ಬಂದರೆ ಕೈ ಪೂರ್ತಿ ಆಗುವುದಿಲ್ಲ. ಕೆಲವು ಸಲ ಗರ್ಭಚೀಲದ ತೆಳು ಎಳೆ ಬೆರಳಿಗೆ ಸುತ್ತಿಕೊಂಡೂ ಹೀಗಾಗುತ್ತದೆ. ಬಹಳ ಸಲ ಕಾರಣವೇ ಸಿಗುವುದಿಲ್ಲ. ಗ್ರಹಣಕ್ಕೂ ಈಳಿಗೆಗೂ ಇದಕ್ಕೂ ಸಂಬಂಧವಿಲ್ಲ.

ಎಚ್ಚರ ಬೇಕಾದದ್ದು ಔಷಧಿ ವಿಷಯದಲ್ಲಿ. ಥಾಲಿಡೊಮೈಡ್ ಎಂಬ ಗುಳಿಗೆಯನ್ನು ಬಸುರಿಯರು ತೆಗೆದುಕೊಂಡದ್ದರಿಂದ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. 1961ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆಯಲು ಶುರು ಮಾಡಿದರು. ಆದ್ದರಿಂದ ಡಾಕ್ಟರನ್ನು ಕೇಳದೆ ಬಸುರಿಯರು ಅಂಗಡಿಯಿಂದ ಗುಳಿಗೆ ತಂದು ನುಂಗಬಾರದು.

ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದೇ ಪ್ರಶ್ನೆ ಕೇಳಿದರು: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಇಬ್ಬರೂ ಅಲ್ಲ ಎಂದರು ಯೇಸುಸ್ವಾಮಿ. ನಮ್ಮ ಉತ್ತರವೂ ಅದೇ ಇರಲಿ.

ಮನೆಯಲ್ಲಿ ಏನು ಮಾಡಬೇಕು?

1. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ. ಕೆಲವು ಕೂಸುಗಳಿಗೆ ಕೈಯ ಜೊತೆಗೆ ಹೃದಯ, ಮೂತ್ರಪಿಂಡದ ತೊಂದರೆಯೂ ಇರಬಹುದು. ಪರೀಕ್ಷೆ ಮಾಡಿಸಿದರೆ ಚಿಂತೆ ಹೋಗುತ್ತದೆ.

2. ಗಿಡ್ಡ ಕೈಯನ್ನು ಅರಿವೆಯಿಂದ ಸುತ್ತಬೇಡಿ. ಆ ತುದಿಗೂ ಸ್ಪರ್ಶ ಗೊತ್ತಾಗುತ್ತದೆ. ಕೂಸು ಅದರಿಂದಲೇ ಮುಟ್ಟಿ, ಒತ್ತಿ, ಹಿಡಿದು ಕಲಿಯುತ್ತದೆ. ಎಣ್ಣೆ ಹಚ್ಚಿ ಎರೆಯುವಾಗ ಆ ಕೈಯನ್ನು ಜಗ್ಗಿ ಉದ್ದ ಮಾಡಲು ಹೋಗಬೇಡಿ.

3. ಎಚ್ಚರ ಇದ್ದಾಗ, ನೀವು ಎದುರಿಗೆ ಕೂತು ಸ್ವಲ್ಪ ಹೊತ್ತು ಬೋರಲು ಮಲಗಿಸಿ. ಭುಜ, ಬೆನ್ನು ಗಟ್ಟಿಯಾಗುತ್ತವೆ.

4. ಎಲ್ಲವನ್ನೂ ನೀವೇ ಮಾಡಿಕೊಡಬೇಡಿ. ರೊಟ್ಟಿ ಮುರಿಯುವುದು, ಗುಂಡಿ ಹಾಕುವುದು ತಡವಾದರೂ ತನ್ನದೇ ದಾರಿ ಹುಡುಕುತ್ತದೆ. ಕಾಲಿನಿಂದ ಹಿಡಿದರೆ ಬೈಯಬೇಡಿ.

5. ಪಾದ ಒಳಗೆ ತಿರುಚಿಕೊಂಡಿದ್ದರೆ ತಡ ಮಾಡಬೇಡಿ. ಹುಟ್ಟಿದ ಮೊದಲ ವಾರಗಳಲ್ಲೇ ಶುರು ಮಾಡಿ, ವಾರಕ್ಕೊಮ್ಮೆ ಪಟ್ಟಿ ಹಾಕಿಸುತ್ತ ಹೋದರೆ ಬಹುತೇಕ ಪಾದಗಳು ನೇರವಾಗುತ್ತವೆ. ಆಮೇಲೆ ಡಾಕ್ಟರು ಹೇಳಿದಷ್ಟು ವರ್ಷ ವಿಶೇಷ ಬೂಟು ಹಾಕುವುದನ್ನು ಬಿಡಬಾರದು.

6. ಕಾಲು ಗಿಡ್ಡ ಇದ್ದರೆ, ಕೂಸು ಹಿಡಿದು ನಿಲ್ಲಲು ಶುರು ಮಾಡಿದಾಗ ಕೃತಕ ಕಾಲಿನ ಬಗ್ಗೆ ಕೇಳಿ. ಬೆಳೆದಂತೆ ಅದನ್ನು ಬದಲಿಸುತ್ತಿರಬೇಕು.

ಸರಕಾರದಿಂದ ಏನು ಸಿಗುತ್ತದೆ?

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಾಗಿನಿಂದ 18 ವರ್ಷದವರೆಗೆ ಉಚಿತ ತಪಾಸಣೆ ಇದೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ಅಂಗವಿಕಲರ ಗುರುತಿನ ಚೀಟಿ (ಯುಡಿಐಡಿ) ಮಾಡಿಸಿ. 2016ರ ಕಾನೂನಿನ ಪ್ರಕಾರ ಶೇ. 40 ಅಥವಾ ಹೆಚ್ಚು ಅಂಗವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅರ್ಜಿ ತುಂಬಲು ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ.

ಮುಂದೆ ಏನಾದೀತು?

ಬೆಂಗಳೂರಿನ ಶರತ್ ಗಾಯಕ್ವಾಡ್ ಹುಟ್ಟುವಾಗಲೇ ಎಡಗೈ ಪೂರ್ತಿ ಬೆಳೆದಿರಲಿಲ್ಲ. ಅವರು ಈಜು ಕಲಿತು 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಹೋದರು. 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 6 ಪದಕ ಗೆದ್ದರು. ಎರಡೂ ಕೈ ಇಲ್ಲದೆ ಹುಟ್ಟಿದ ಜಮ್ಮು ಮತ್ತು ಕಾಶ್ಮೀರದ ಶೀತಲ್ ದೇವಿ ಕಾಲಿನಿಂದ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಎಲ್ಲ ಮಕ್ಕಳೂ ಪದಕ ಗೆಲ್ಲಬೇಕಿಲ್ಲ. ಸಾಲಿಗೆ ಹೋಗಿ, ಗೆಳತಿಯರ ಜೊತೆ ಆಡಿ, ತನ್ನ ಕಾಲ ಮೇಲೆ ತಾನು ನಿಂತರೆ ಸಾಕು.

ಸಂಘದ ಕೆಲಸ

ಆ ತಾಯಿ ಸಭೆಗೆ ಬರದಿದ್ದರೆ ಇಬ್ಬರು ಆಕೆಯ ಮನೆಗೆ ಹೋಗಿ. ಕೂಸನ್ನು ಎತ್ತಿಕೊಳ್ಳಿ, ಆ ಪುಟ್ಟ ಕೈಯನ್ನೂ ಮುಟ್ಟಿ ಮಾತಾಡಿಸಿ. ಅತ್ತೆಗೂ ಗಂಡನಿಗೂ ತಿಳಿಸಿ ಹೇಳಿ. ಆಸ್ಪತ್ರೆಗೆ ಹೋದ ದಿನ ಕೂಲಿ ತಪ್ಪುತ್ತದೆ. ಸಂಘದಿಂದ ಸಣ್ಣ ಸಾಲ ಕೊಡಿ, ಒಬ್ಬರು ಜೊತೆಗೆ ಹೋಗಿ. ಬೇರೆ ಮಕ್ಕಳು "ಇದರ ಕೈ ಯಾಕ ಹಿಂಗ ಐತಿ?" ಎಂದು ಕೇಳಿದರೆ ಬೈದು ಓಡಿಸಬೇಡಿ. "ಹುಟ್ಟಿದ್ದ ಹಂಗ. ಬಾ, ಕೂಡಿ ಆಡ್ರಿ" ಎಂದು ಹೇಳಿ. ಮುಂದಿನ ಸಭೆಗೆ ಆ ತಾಯಿ ಕೂಸನ್ನು ಎತ್ತಿಕೊಂಡೇ ಬರಲಿ.