ಬಣ್ಣ ಬಳಿಯದ ವರ್ಣಚಿತ್ರ

ಮೈಸೂರಿನ ಬೀಟೆ ಫಲಕಗಳು ಸಿದ್ಧವಾಗುವ ಬಗೆ

ನಗರವಾಸಿಗಳ ಮನೆಯ ಹಜಾರದಲ್ಲಿ ಮೈಸೂರಿನ ಬೀಟೆ ಮರದ ಫಲಕವೊಂದು ತೂಗುತ್ತಿರುವುದು ಅಪರೂಪವೇನಲ್ಲ. ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆಯಾಗಿ ಬಂದದ್ದು. ಇಲ್ಲವೆ ದಸರಾ ನೋಡಲು ಹೋದವರು ನೆನಪಿಗೆಂದು ಕೊಂಡು ತಂದದ್ದು. ಕಡುಕಂದು ಹಲಗೆಯ ಮೇಲೆ ಅಂಬಾರಿ ಹೊತ್ತ ಆನೆ, ಸಂಜೆಯ ಹೊತ್ತಿಗೆ ಊರಿಗೆ ಮರಳುವ ಎತ್ತಿನ ಗಾಡಿ, ನೀರು ಸೇದುವ ಹೆಂಗಸರು, ಕೊಳಲೂದುವ ಕೃಷ್ಣ. ಚಿತ್ರ ಯಾವುದೇ ಇರಲಿ, ಮನೆಗೆ ಬಂದವರು ಅದನ್ನು ನೋಡಿ, "ಎಷ್ಟು ಚೆನ್ನಾಗಿ ಬಣ್ಣ ಹಾಕಿದ್ದಾರೆ!" ಎನ್ನುವುದುಂಟು. ಆ ಮಾತಿನಲ್ಲಿ ಮೆಚ್ಚಿಕೆಯಿದೆ, ನಿಜವಿಲ್ಲ. ಒಳ್ಳೆಯ ಫಲಕದಲ್ಲಿ ಕುಂಚಕ್ಕೆ ಕೆಲಸವೇ ಇರುವುದಿಲ್ಲ.

ಅಲ್ಲಿ ಕಾಣುವ ಒಂದೊಂದು ಬಣ್ಣವೂ ಒಂದೊಂದು ಮರ. ಹಳದಿ ಸೀರೆ ಹಲಸಿನ ತಿರುಳಿನಿಂದ ಬಂದದ್ದು. ಕಪ್ಪು ಕೂದಲು ಕರಿಮರದ್ದು. ಎತ್ತಿನ ಬಿಳುಪಿಗೆ ಹಾಲೆಯಂಥ ತಿಳಿಬಣ್ಣದ ಮರವುಂಟು. ಕೆಂಪಿಗೆ ಪಡಾಕ್ ಉಂಟು. ಹೊಲದ ಹೊಂಗಂದಿಗೆ ತೇಗವುಂಟು. ಇವೆಲ್ಲವನ್ನೂ ಮಡಿಲಲ್ಲಿ ಇರಿಸಿಕೊಳ್ಳುವುದು ನೇರಳೆಯ ಛಾಯೆಯುಳ್ಳ ಬೀಟೆ. ಬಣ್ಣಬಣ್ಣದ ಮರದ ತುಂಡುಗಳನ್ನು ಚಿತ್ರದ ಆಕಾರಕ್ಕೆ ಕೊಯ್ದು, ಒಂದರ ಮಗ್ಗುಲಿಗೆ ಒಂದನ್ನು ಸೇರಿಸಿ, ನಡುವೆ ಸಂದಿಲ್ಲದಂತೆ ಕೂಡಿಸುವ ಈ ಕುಸುರಿಗೆ ಇನ್‌ಲೇ ಕೆಲಸವೆಂದು ಹೆಸರು.

ಅರಮನೆಯ ಬಾಗಿಲಿನಿಂದ ಹಜಾರದ ಗೋಡೆಗೆ

ಈ ಕಲೆ ಮೈಸೂರು ಸೀಮೆಯಲ್ಲಿ ರಾಜಾಶ್ರಯದಲ್ಲಿ ಬೆಳೆಯಿತು. ಮೊದಲಿಗೆ ಬೀಟೆಯ ಅಥವಾ ಕರಿಮರದ ಮೇಲೆ ಕೂಡಿಸುತ್ತಿದ್ದುದು ಆನೆಯ ದಂತವನ್ನು. ಶ್ರೀರಂಗಪಟ್ಟಣದ ಗುಂಬಜಿನ ಬಾಗಿಲುಗಳಲ್ಲಿ ಕಪ್ಪು ಮರದೊಡನೆ ಬಿಳಿಯ ದಂತ ಬೆರೆತ ಬಗೆಯನ್ನು ಇಂದಿಗೂ ನೋಡಬಹುದು. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, 1912ರಲ್ಲಿ ಪೂರ್ಣಗೊಂಡ ಮೈಸೂರಿನ ಹೊಸ ಅರಮನೆಯಲ್ಲಿ ಅಂಬಾವಿಲಾಸದ ಬೀಟೆಯ ಬಾಗಿಲಿಗೂ ದಂತವನ್ನೇ ಕೂಡಿಸಿದರು. ದಂತದ ಮೇಲೆ ಮೊನಚಾದ ಉಪಕರಣದಿಂದ ಗೀರಿ, ಆ ಗೀರುಗಳಲ್ಲಿ ಕಪ್ಪು ಅರಗು ತುಂಬಿ, ಕಣ್ಣು, ಮೂಗು, ಸೀರೆಯ ನೆರಿಗೆಗಳನ್ನು ಮೂಡಿಸುತ್ತಿದ್ದರು.

ಅರಮನೆಗಳ ಕಾಲ ಮುಗಿದ ಮೇಲೆ ಇನ್‌ಲೇ ಕೆಲಸ ಬಾಗಿಲುಗಳಿಂದ ಇಳಿದು ಪೆಟ್ಟಿಗೆ, ಮೇಜು, ತಟ್ಟೆಗಳ ಮೇಲೂ ಗೋಡೆಯ ಫಲಕಗಳ ಮೇಲೂ ನೆಲೆಸಿತು. ಮಂಡಿ ಮೊಹಲ್ಲಾದಂಥ ಬಡಾವಣೆಗಳ ಸಣ್ಣ ಕಾರ್ಖಾನೆಗಳು ಅದನ್ನು ಉಳಿಸಿಕೊಂಡು ಬಂದವು. 2005-06ನೆಯ ಸಾಲಿನಲ್ಲಿ 'ಮೈಸೂರು ರೋಸ್‌ವುಡ್ ಇನ್‌ಲೇ' ಎಂಬ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆಯಿತು.

ತಿರುಗುವುದು ಗರಗಸವಲ್ಲ, ಮರ

ಫಲಕದ ಹುಟ್ಟು ಕಾಗದದ ಮೇಲೆ. ಚಿತ್ರಗಾರನು ಪೂರ್ತಿ ಚಿತ್ರವನ್ನು ಗೆರೆಗಳಲ್ಲಿ ಬರೆದು, ಯಾವ ಭಾಗಕ್ಕೆ ಯಾವ ಮರವೆಂದು ಗುರುತು ಮಾಡುತ್ತಾನೆ. ಮರದ ಹೆಸರನ್ನಷ್ಟೇ ಗುರುತಿಸಿದರೆ ಸಾಲದು. ಅದರ ಎಳೆ ಯಾವ ದಿಕ್ಕಿಗೆ ಹರಿಯಬೇಕೆಂಬುದನ್ನೂ ನಿರ್ಧರಿಸಬೇಕು. ಎಳೆ ಅಡ್ಡವಾಗಿ ಹರಿದರೆ ನೀರಿನ ಅಲೆಯಂತೆ ತೋರುತ್ತದೆ. ಅದೇ ಮರವನ್ನು ನೆಟ್ಟಗೆ ತಿರುಗಿಸಿದರೆ ಮಳೆಯಂತೆ ತೋರುತ್ತದೆ. ಗಂಟಿನ ಸುತ್ತ ಸುಳಿಸುಳಿಯಾಗಿ ಎಳೆಯಿರುವ ತುಂಡು ಸಿಕ್ಕರೆ ಅದನ್ನು ಮುಗಿಲಿಗೋ ಬಂಡೆಗೋ ಎತ್ತಿಡುತ್ತಾರೆ. ಹೀಗೆ ಪ್ರಕೃತಿ ಬರೆದಿಟ್ಟ ಚಿತ್ರವನ್ನು ಕಂಡುಕೊಳ್ಳುವುದರಲ್ಲಿಯೇ ಅರ್ಧ ಕೆಲಸ ಮುಗಿಯುತ್ತದೆ.

ಉಳಿದರ್ಧ ಗರಗಸದ್ದು. ಇಂಗ್ಲಿಷಿನಲ್ಲಿ 'ಫ್ರೆಟ್ ಸಾ' ಎಂದು ಕರೆಯುವ ಇದು ಬಡಗಿಯ ಅಗಲ ಗರಗಸದಂಥದಲ್ಲ. ಬಿಲ್ಲಿನಂತೆ ಬಾಗಿದ ಲೋಹದ ಚೌಕಟ್ಟು. ಅದರ ಎರಡು ತುದಿಗಳ ನಡುವೆ ಬಿಗಿದ, ದಾರದಷ್ಟು ಸಣ್ಣ ಅಲಗು. ಅಲಗಿನ ಹಲ್ಲುಗಳು ಕೆಳಮುಖವಾಗಿರುವುದರಿಂದ, ಹಿಡಿಯನ್ನು ಕೆಳಕ್ಕೆ ಎಳೆದಾಗ ಮಾತ್ರ ಮರ ಕೊಯ್ಯುತ್ತದೆ. ಮೇಲಕ್ಕೆ ತಳ್ಳಿದಾಗ ಇಲ್ಲ. ತೆಳು ಹಲಗೆಯು ಮೇಲೆ ಕುಣಿಯದೆ ಮೇಜಿಗೆ ಒತ್ತಿಕೊಂಡು ನಿಲ್ಲುವುದಕ್ಕೆ ಇದೇ ಕಾರಣ.

ಕಲಿಯುವವರಿಗೆ ಮೊದಲ ಪಾಠ, ಗರಗಸವನ್ನು ತಿರುಗಿಸಬಾರದೆಂಬುದು. ಅಲಗು ಒಂದೇ ಜಾಗದಲ್ಲಿ ನೆಟ್ಟಗೆ ಮೇಲೆ ಕೆಳಗೆ ಆಡುತ್ತಿರಬೇಕು. ಎಡಗೈ ಹಲಗೆಯನ್ನು ಗೆರೆಗೆ ತಕ್ಕಂತೆ ಮೆಲ್ಲಗೆ ತಿರುಗಿಸುತ್ತ ಹೋಗಬೇಕು. ಚೂಪು ಮೂಲೆ ಬಂದಾಗ, ಮುಂದಕ್ಕೆ ಒತ್ತದೆ, ಅಲಗನ್ನು ನಿಂತಲ್ಲಿಯೇ ಆಡಿಸುತ್ತ ಮರವನ್ನು ಹೊರಳಿಸಬೇಕು. ಅವಸರಪಟ್ಟರೆ ಅಲಗು ಮುರಿಯುತ್ತದೆ. ಬಲ ಹಾಕಿದರೆ ಅಲಗು ಓರೆಯಾಗಿ ಗೆರೆ ತಪ್ಪುತ್ತದೆ. ಚಿತ್ರದ ಒಳಭಾಗದಲ್ಲಿ, ಆನೆಯ ಕಾಲುಗಳ ನಡುವಿನ ಸಂದಿನಂಥ ಕಡೆ ಕೊಯ್ಯಬೇಕಾದರೆ, ಬೈರಿಗೆಯಿಂದ ಸಣ್ಣ ರಂಧ್ರ ಕೊರೆದು, ಅಲಗಿನ ಒಂದು ತುದಿಯನ್ನು ಬಿಚ್ಚಿ ಅದರೊಳಗೆ ತೂರಿಸಿ, ಮತ್ತೆ ಬಿಗಿದು ಕೆಲಸ ಮುಂದುವರಿಸುತ್ತಾರೆ.

ವಿದ್ಯುತ್ತಿನಿಂದ ನಡೆಯುವ ಗರಗಸಗಳೂ ಬಂದಿವೆ. ಅವು ಕೈಯ ಶ್ರಮವನ್ನು ಉಳಿಸುತ್ತವೆ. ಆದರೆ ಗೆರೆಯ ಮೇಲಿನ ಕಣ್ಣು, ಮರವನ್ನು ತಿರುಗಿಸುವ ಎಡಗೈಯ ಹದ, ಇವು ಯಂತ್ರದೊಡನೆ ಬರುವ ಸಾಮಾನುಗಳಲ್ಲ.

ಸಂದು ಮುಚ್ಚುವ ಲೆಕ್ಕ

ಗರಗಸ ಎಷ್ಟೇ ಸಣ್ಣದಿರಲಿ, ತಾನು ಹೋದ ದಾರಿಯಲ್ಲಿ ಒಂದಿಷ್ಟು ಮರವನ್ನು ಪುಡಿ ಮಾಡಿಯೇ ಹೋಗುತ್ತದೆ. ಕೊಯ್ದ ತುಂಡನ್ನು ಮತ್ತೆ ಅದೇ ಜಾಗದಲ್ಲಿಟ್ಟರೆ ಸುತ್ತಲೂ ಕೂದಲೆಳೆಯಷ್ಟು ಸಂದು ಉಳಿಯುವುದು ಸಹಜ. ಈ ಸಂದನ್ನು ಗೆಲ್ಲುವುದೇ ಕಸುಬಿನ ಮರ್ಮ.

ಮೈಸೂರಿನಲ್ಲಿ ರೂಢಿಯಲ್ಲಿರುವ ಒಂದು ಕ್ರಮ ಹೀಗಿದೆ: ಮೊದಲು ತುಂಡನ್ನು ಕೊಯ್ದು, ಅದನ್ನು ಬೀಟೆಯ ಹಲಗೆಯ ಮೇಲಿರಿಸಿ, ಅಂಚಿನ ಸುತ್ತ ಚೂಪು ಮೊನೆಯಿಂದ ಗೀರಿ, ಆ ಗೀರಿನ ಒಳಗೆ ಉಳಿಯಿಂದ ತಗ್ಗು ತೆಗೆಯುವುದು. ತಗ್ಗು ತುಂಡಿನ ಅಳತೆಗೇ ಹುಟ್ಟುವುದರಿಂದ ಸಂದು ಉಳಿಯುವುದಿಲ್ಲ. ಆಕಾಶ, ಭೂಮಿಗಳನ್ನೂ ಬೇರೆಬೇರೆ ಮರಗಳಿಂದಲೇ ಕೊಯ್ದು, ಇಡೀ ಚಿತ್ರವನ್ನು ಜೋಡಿಸಿ ಹಲಗೆಗೆ ಅಂಟಿಸುವ ಕ್ರಮವೂ ಉಂಟು.

ಯುರೋಪಿನವರು ಇನ್ನೊಂದು ದಾರಿ ಹಿಡಿದರು. 17ನೆಯ ಶತಮಾನದಲ್ಲಿ ಫ್ರಾನ್ಸಿನ ದೊರೆ 14ನೆಯ ಲೂಯಿಯ ಆಶ್ರಯದಲ್ಲಿದ್ದ ಆಂಡ್ರೆ ಶಾರ್ಲ್ ಬೂಲ್ ಎಂಬ ಪ್ರಸಿದ್ಧ ಕುಶಲಿಯ ಕಾರ್ಖಾನೆಯಲ್ಲಿ ಆಮೆಚಿಪ್ಪು ಮತ್ತು ಹಿತ್ತಾಳೆಯ ತಗಡುಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕೊಯ್ಯುತ್ತಿದ್ದರು. ಒಂದರಿಂದ ಬಂದ ಹೂವು ಇನ್ನೊಂದರ ತೂತಿಗೆ ಕೂಡುತ್ತಿತ್ತು. ಮರದಲ್ಲಿ ಇದನ್ನೇ ಮಾಡುವಾಗ ಮೇಜನ್ನು ತುಸು ಓರೆಯಾಗಿ ಬಾಗಿಸಿ ಕೊಯ್ಯುವುದುಂಟು. ಆಗ ತುಂಡಿನ ಅಂಚು ಇಳಿಜಾರಾಗಿ, ಸೀಸೆಯ ಬಾಯಿಗೆ ಬಿರಟೆ ಕೂರುವಂತೆ ಕೂರುತ್ತದೆ. ಹಲಗೆಯ ದಪ್ಪ 3 ಮಿಲಿಮೀಟರ್ ಇದ್ದು, ಗರಗಸ ತಿನ್ನುವ ಸೀಳು 0.4 ಮಿಲಿಮೀಟರ್ ಇದ್ದರೆ, ಸುಮಾರು 8 ಡಿಗ್ರಿ ಬಾಗು ಸಾಕು. ಹಲಗೆ ಅದರ ಅರ್ಧದಷ್ಟು ತೆಳುವಾದರೆ ಬಾಗು ಸುಮಾರು 15 ಡಿಗ್ರಿಯಾಗಬೇಕು.

ಹೊಳಪು ಏನನ್ನೂ ಮುಚ್ಚುವುದಿಲ್ಲ

ಪಾಲಿಷ್ ಹಾಕಿದರೆ ತಪ್ಪುಗಳೆಲ್ಲ ಮುಚ್ಚಿಹೋಗುತ್ತವೆಂಬ ನಂಬಿಕೆ ಜನರಲ್ಲಿದೆ. ನಿಜ ಇದಕ್ಕೆ ತಿರುಗುಮುರುಗು. ಅಂಟಿನ ಒಂದು ಹನಿ ಮೇಲೆ ಉಳಿದಿದ್ದರೆ ಅಲ್ಲಿ ಪಾಲಿಷ್ ಹಿಡಿಯದೆ ಪೇಲವ ಕಲೆ ನಿಲ್ಲುತ್ತದೆ. ಮರಳುಕಾಗದವನ್ನು ಎಳೆಗೆ ಅಡ್ಡವಾಗಿ ಉಜ್ಜಿದ್ದರೆ, ಬರಿಗಣ್ಣಿಗೆ ಕಾಣದ ಗೀರುಗಳೆಲ್ಲ ಹೊಳಪಿನಲ್ಲಿ ಎದ್ದು ತೋರುತ್ತವೆ. ಚಿತ್ರದಲ್ಲಿ ಎಳೆಗಳು ಹತ್ತು ದಿಕ್ಕಿಗೆ ಓಡುತ್ತಿರುವಾಗ ಎಲ್ಲವಕ್ಕೂ ಒಪ್ಪುವಂತೆ ಉಜ್ಜುವುದು ಸುಲಭವಲ್ಲ. ಆದುದರಿಂದ ಮೊದಲು ಉಕ್ಕಿನ ತಗಡಿನ ಅಂಚಿನಿಂದ ಮೆಲ್ಲಗೆ ಕೀಸಿ ಸಮಮಾಡಿ, ಅನಂತರ ಒರಟು ಕಾಗದದಿಂದ ತೊಡಗಿ ನುಣುಪು ಕಾಗದದವರೆಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ.

ಇಲ್ಲಿ ಇನ್ನೊಂದು ಅಪಾಯವಿದೆ. ಬೀಟೆಯ ಕಪ್ಪು ಪುಡಿ ಪಕ್ಕದ ಬಿಳಿ ಮರದ ರಂಧ್ರಗಳೊಳಗೆ ಸೇರಿದರೆ ಬಿಳಿ ಎತ್ತು ಮಾಸಲಾಗುತ್ತದೆ. ಪಡಾಕಿನ ಕೆಂಪು ಸ್ಪಿರಿಟ್ಟಿನಲ್ಲಿ ಕರಗುವಂಥದು. ಪಾಲಿಷಿನ ಮೊದಲ ಕೈಗೇ ಅದು ಹರಿದು ನೆರೆಯ ಹಾಲೆಯನ್ನು ಕೆಂಪಾಗಿಸಬಹುದು. ವಾರಗಟ್ಟಲೆ ಕೊಯ್ದು ಕೂಡಿಸಿದ್ದು ಒಂದು ನಿಮಿಷದಲ್ಲಿ ಕೆಡುವುದು ಹೀಗೆ. ಬಲ್ಲವರು ಪುಡಿಯನ್ನು ಆಗಾಗ ಒರೆಸಿ ತೆಗೆದು, ಬಿಳಿಯ ತುಂಡುಗಳಿಗೆ ಮೊದಲೇ ತೆಳುವಾದ ಲೇಪ ಕೊಟ್ಟು ಅವುಗಳ ರಂಧ್ರ ಮುಚ್ಚಿರುತ್ತಾರೆ. ಅರಗಿನಿಂದ ಬಂದ ಶೆಲ್ಯಾಕನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಗೆ ಬಟ್ಟೆ ಸುತ್ತಿ, ಪದರದ ಮೇಲೆ ಪದರವಾಗಿ ತೀಡುವುದು ಹಳೆಯ ಪದ್ಧತಿ. ಇಂದು ಮೆಲಮೈನ್ ಮುಂತಾದ ಗಟ್ಟಿ ಪಾಲಿಷುಗಳೂ ಬಳಕೆಯಲ್ಲಿವೆ.

ದಂತ ಹೋಯಿತು, ಬೀಟೆ ದುರ್ಲಭವಾಯಿತು

ಈ ಕಸುಬು ಒಮ್ಮೆ ದೊಡ್ಡ ಪೆಟ್ಟನ್ನು ತಿಂದು ಬದುಕಿಕೊಂಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ಆದ ತಿದ್ದುಪಡಿಯಿಂದ ನಮ್ಮ ದೇಶದ ಆನೆಗಳ ದಂತದ ವ್ಯಾಪಾರ ನಿಂತಿತು. 1991ರ ತಿದ್ದುಪಡಿಯಿಂದ ಆಫ್ರಿಕದ ದಂತಕ್ಕೂ ಬಾಗಿಲು ಮುಚ್ಚಿತು. ಆನೆಯ ಪ್ರಾಣ ತೆತ್ತು ಆನೆಯ ಚಿತ್ರ ಬರೆಯುವುದು ನಿಂತುಹೋದದ್ದಕ್ಕೆ ಯಾರೂ ಮರುಗಬೇಕಾಗಿಲ್ಲ. ದಂತದ ಸ್ಥಾನಕ್ಕೆ ಬಿಳಿಯ ಪ್ಲಾಸ್ಟಿಕ್ ಬಂದಿತು. ತಿಳಿಬಣ್ಣದ ಮರಗಳಿಗೆ ಪ್ರಾಶಸ್ತ್ಯ ಹೆಚ್ಚಿತು.

ಈಗಿನ ಕಷ್ಟ ಬೀಟೆಯದೇ. ನಿಧಾನವಾಗಿ ಬೆಳೆಯುವ ಈ ಮರವನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲದರ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು. ಮರ ಉಳಿಯಬೇಕಾದದ್ದು ನ್ಯಾಯ; ಆದರೆ ಮರದ ಬೆಲೆ ಏರಿದಷ್ಟೂ ಕೈಯ ಕೂಲಿಗೆ ಉಳಿಯುವ ಪಾಲು ಇಳಿಯುತ್ತದೆ. ಇದರ ಮೇಲೆ ದೂಳಿನ ಕಾಟ. ಬೀಟೆಯ ನುಣ್ಣನೆಯ ಪುಡಿ ಚರ್ಮಕ್ಕೆ ತುರಿಕೆಯನ್ನೂ ಉಸಿರಿಗೆ ತೊಂದರೆಯನ್ನೂ ತರಬಲ್ಲದು. ಗಟ್ಟಿ ಮರಗಳ ದೂಳನ್ನು ದೀರ್ಘಕಾಲ ಸೇವಿಸಿದವರಲ್ಲಿ ಮೂಗಿನ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆಂದು ವೈದ್ಯವಿಜ್ಞಾನ ಗುರುತಿಸಿದೆ. ಇಷ್ಟೆಲ್ಲ ಇರುವಾಗ ತಂದೆಯ ಗರಗಸವನ್ನು ಮಗ ಹಿಡಿಯಲು ಹಿಂಜರಿದರೆ ಅವನನ್ನು ದೂರಲಾಗದು.

ಕೊಳ್ಳುವವರ ಕಣ್ಣು

ಹಾಗಾದರೆ ಕಸುಬು ಉಳಿಯುವುದು ಯಾರಿಂದ? ಸರ್ಕಾರದ ನೆರವು ಬೇಕು, ಸಂಘಗಳು ಬೇಕು. ಇವುಗಳಷ್ಟೇ ಮುಖ್ಯವಾಗಿ, ನೋಡಿ ಕೊಳ್ಳುವ ಗೃಹಸ್ಥರು ಬೇಕು. ಮರದ ತುಂಡುಗಳಿಗೆ ಬದಲಾಗಿ ಬಣ್ಣ ಬಳಿದ, ಚಿತ್ರ ಅಚ್ಚೊತ್ತಿದ ಫಲಕಗಳು ದೂರದಿಂದ ಒಂದೇ ಬಗೆಯಾಗಿ ತೋರುತ್ತವೆ, ಬೆಲೆಯಂತೂ ಅಗ್ಗ. ಎರಡನ್ನೂ ಒಂದೇ ಎಂದು ತಿಳಿದು ಅಗ್ಗದ್ದನ್ನೇ ಕೊಂಡರೆ, ತಿಂಗಳುಗಟ್ಟಲೆ ಕುಳಿತು ಕೊಯ್ದವನಿಗೆ ಅನ್ನವಿಲ್ಲ.

ಗುರುತಿಸುವುದು ಕಷ್ಟವಲ್ಲ. ಫಲಕವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ನಿಜವಾದ ಇನ್‌ಲೇಯಲ್ಲಿ ಒಂದೊಂದು ಬಣ್ಣದ ಒಳಗೂ ಅದರದೇ ಎಳೆ ಕಾಣುತ್ತದೆ. ಬಣ್ಣ ಬದಲಾದಲ್ಲಿ ಎಳೆಯ ದಿಕ್ಕೂ ಬದಲಾಗುತ್ತದೆ. ಬಣ್ಣ ಬಳಿದುದರಲ್ಲಿ ಕೆಳಗಿನ ಹಲಗೆಯ ಎಳೆ ಸೀರೆಯನ್ನೂ ಮುಖವನ್ನೂ ದಾಟಿ ನೇರವಾಗಿ ಓಡಿಹೋಗುತ್ತದೆ. ಸಮತಟ್ಟಾಗಿ ಕೂಡಿಸಿದ ಚಿತ್ರದ ಮೇಲೆ ಬೆರಳಾಡಿಸಿದರೆ ಮರದಿಂದ ಮರಕ್ಕೆ ದಾಟಿದ್ದೇ ತಿಳಿಯಬಾರದು. ತುಂಡುಗಳ ನಡುವೆ ಅಂಟು, ಪುಡಿ ತುಂಬಿದ ದಪ್ಪ ಗೆರೆಗಳಿದ್ದರೆ ಅದು ಅವಸರದ ಕೆಲಸ.

ಕಣ್ಣು ಪಳಗಬೇಕಾದರೆ ಒಂದು ತುಂಡನ್ನಾದರೂ ತಾವೇ ಕೊಯ್ದು ನೋಡುವುದು ಮೇಲು. ತೆಳು ಪ್ಲೈವುಡ್ಡಿನ ಚೂರು, ಒಂದು ಫ್ರೆಟ್ ಸಾ, ನಾಲ್ಕಾರು ಅಲಗುಗಳಿದ್ದರೆ ಶಾಲೆಯ ಮಕ್ಕಳು ರಜದ ದಿನಗಳಲ್ಲಿ, ಹಿರಿಯರ ಎದುರಿನಲ್ಲಿ, ಮನೆಯ ಹೆಸರಿನ ಒಂದು ಫಲಕವನ್ನು ಸಿದ್ಧಮಾಡಬಹುದು. ದೂಳಿಗೆ ಮೂಗುಬಟ್ಟೆ ಮರೆಯಬಾರದು. ಮೊದಲ 'ಶ್ರೀ' ಅಕ್ಷರದ ಸುಳಿಯನ್ನು ಸುತ್ತುವಷ್ಟರಲ್ಲಿ ಎರಡು ಅಲಗಾದರೂ ಮುರಿದಾವು. ಅಷ್ಟಾದ ಮೇಲೆ ಗೋಡೆಯ ಮೇಲಿನ ಆನೆಯನ್ನು ಅವರು ನೋಡುವ ರೀತಿಯೇ ಬೇರೆಯಾಗುತ್ತದೆ.

ಈಗಾಗಲೇ ಫಲಕವಿರುವ ಮನೆಗಳಿಗೆ ಒಂದು ಸೂಚನೆ. ಮರದ ಬಣ್ಣಕ್ಕೂ ಆಯುಷ್ಯವುಂಟು. ಬಿಸಿಲು ಬಿದ್ದರೆ ಹಲಸಿನ ಹಳದಿ ಕಂದಾಗುತ್ತದೆ, ಪಡಾಕಿನ ಕೆಂಪು ಮಂಕಾಗುತ್ತದೆ. ಬಿಸಿಲು ನೇರವಾಗಿ ತಾಗುವ ಗೋಡೆಯಲ್ಲಾಗಲಿ, ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯಲ್ಲಾಗಲಿ ಅದನ್ನು ತೂಗುಹಾಕಬಾರದು. ಒದ್ದೆ ಬಟ್ಟೆ ಬೇಡ. ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಒರೆಸುವಾಗ ಒಂದು ಗಳಿಗೆ ನಿಂತು, ಯಾವ ಬಣ್ಣ ಯಾವ ಮರದ್ದೆಂದು ಮನೆಯ ಮಕ್ಕಳಿಗೆ ತೋರಿಸಿಕೊಟ್ಟರೆ ಇನ್ನೂ ಒಳ್ಳೆಯದು. ನಾಳೆ ಫಲಕ ಕೊಳ್ಳಬೇಕಾದವರು ಅವರೇ.