ನಿಮ್ಮ ಲ್ಯಾಪ್‌ಟಾಪ್‌ಗೆ ವಯಸ್ಸಾಯಿತು ಎಂದು ತೀರ್ಮಾನಿಸುವವರು ಯಾರು?

2025ರ ಅಕ್ಟೋಬರ್ 14ರಂದು ಪ್ರಪಂಚದಾದ್ಯಂತ ಕೋಟ್ಯಂತರ ಕಂಪ್ಯೂಟರುಗಳಿಗೆ ಒಂದೇ ದಿನ ವಯಸ್ಸಾಯಿತು. ಅವುಗಳ ಪರದೆ ಒಡೆದಿರಲಿಲ್ಲ, ಕೀಬೋರ್ಡ್ ಕೆಟ್ಟಿರಲಿಲ್ಲ. ಮೈಕ್ರೋಸಾಫ್ಟ್ ಅವತ್ತು ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿತು, ಅಷ್ಟೇ. ನೋಂದಣಿ ಮಾಡಿಕೊಂಡವರಿಗೆ ಇನ್ನೊಂದು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ, ಆಮೇಲೆ ವಿಂಡೋಸ್ 11ಕ್ಕೆ ಹೋಗಿ ಅಂತಾರೆ. ಹೋಗೋಣ ಅಂದ್ರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದ್ದೋ ನಂತರದ್ದೋ ಆಗಿರಬೇಕು. 2016-17ರಲ್ಲಿ ಮನೆಯವರು ಸಾಲ ಮಾಡಿ ಮಕ್ಕಳಿಗೆ ಕೊಡಿಸಿದ ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕವು ಈ ಗೆರೆಯ ಆಚೆಗೇ ಉಳಿದವು.

ಲ್ಯಾಪ್‌ಟಾಪ್ ಹೇಗೆ ಹಳೆಯದಾಗುತ್ತದೆ ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ, ಇದರಲ್ಲಿ ಸವಕಳಿ ಎಷ್ಟು, ಯಾರದೋ ತೀರ್ಮಾನ ಎಷ್ಟು ಅಂತ ಗೊತ್ತಾಗುತ್ತದೆ.

ನಾನು ಬಳಸುವ ಲ್ಯಾಪ್‌ಟಾಪ್ ಏಳು ವರ್ಷದಿಂದ ನನ್ನ ಬಳಿ ಇದೆ. ಕೊಳ್ಳುವಾಗಲೇ ಸೆಕೆಂಡ್ ಹ್ಯಾಂಡ್. ಯಾವುದೋ ಆಫೀಸು ಒಟ್ಟಿಗೆ ಮಾರಿದ ರಾಶಿಯಲ್ಲಿ ಬಂದದ್ದು, ದಪ್ಪ, ಭಾರ, ನೋಡೋಕೆ ಚೆಂದವೇನಿಲ್ಲ. ಇಷ್ಟು ವರ್ಷದಲ್ಲಿ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದೆ, 4 ಜಿಬಿ ರ‍್ಯಾಮ್ ಪಕ್ಕಕ್ಕೆ ಇನ್ನೊಂದು 8 ಜಿಬಿ ಸೇರಿಸಿದೆ, ಬ್ಯಾಟರಿ ಎರಡು ಸಲ ಬದಲಾಯಿತು, ಕೀಬೋರ್ಡ್ ಒಮ್ಮೆ. ಎಲ್ಲ ಸೇರಿ ಹದಿಮೂರು ಸಾವಿರದ ಆಸುಪಾಸು. ಹೊಸದರ ಬೆಲೆಯ ಮೂರನೇ ಒಂದು ಭಾಗವೂ ಅಲ್ಲ. ಇದು ಸಾಧ್ಯವಾಗಿದ್ದಕ್ಕೆ ಕಾರಣ, ಅದರ ತಳದ ಮುಚ್ಚಳ ಮಾಮೂಲಿ ಸ್ಕ್ರೂಡ್ರೈವರ್‌ನಲ್ಲಿ ಬಿಚ್ಚುತ್ತದೆ, ಒಳಗಿರುವ ಒಂದೊಂದು ಭಾಗವೂ ಬೇರೆ ಬೇರೆಯಾಗಿ ಕಳಚಿ ಬರುತ್ತದೆ.

ಮೊದಲು ಸೋಲುವುದು ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿ ಸುಮಾರು 300ರಿಂದ 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವಷ್ಟರಲ್ಲಿ ತನ್ನ ಸಾಮರ್ಥ್ಯದ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ದಿನಾ ಒಂದು ಸಲ ಪೂರ್ತಿ ಖಾಲಿ ಮಾಡುವ ವಿದ್ಯಾರ್ಥಿಗೆ ಇದು ಒಂದೂವರೆ ವರ್ಷದೊಳಗಿನ ಲೆಕ್ಕ. ಬಿಸಿ ಇದನ್ನು ಇನ್ನೂ ಬೇಗ ಕೊಲ್ಲುತ್ತದೆ, ಹಗಲೂ ರಾತ್ರಿ 100ರಲ್ಲೇ ಚಾರ್ಜರ್‌ಗೆ ಅಂಟಿಸಿ ಇಡುವುದೂ ಅಷ್ಟೇ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ, ಹುಡುಕಿ ಆನ್ ಮಾಡಿಕೊಳ್ಳಿ. ಟಚ್‌ಪ್ಯಾಡ್ ಮೇಲಕ್ಕೆ ಎದ್ದಂತೆ ಕಂಡರೆ ಮಾತ್ರ ಅಸಡ್ಡೆ ಮಾಡಬೇಡಿ. ಒಳಗೆ ಬ್ಯಾಟರಿ ಊದಿಕೊಂಡಿರಬಹುದು, ಬೆಂಕಿ ಹತ್ತುವ ಅಪಾಯ ಇರುತ್ತದೆ.

ಎರಡನೆಯದು ಧೂಳು. ‘ಲ್ಯಾಪ್‌ಟಾಪ್ ಸ್ಲೋ ಆಗಿದೆ, ಹಳೇದಾಯ್ತು’ ಎನ್ನುವ ದೂರಿನಲ್ಲಿ ಇದರ ಪಾಲು ದೊಡ್ಡದು. ಫ್ಯಾನಿನ ಹಿಂದಿನ ಕಿಂಡಿಯಲ್ಲಿ ಧೂಳು ಹೆಪ್ಪುಗಟ್ಟುತ್ತದೆ, ಪ್ರೊಸೆಸರ್ ಮೇಲೆ ಶಾಖ ಸಾಗಿಸಲು ಹಚ್ಚಿರುವ ಪೇಸ್ಟ್ ಒಣಗಿ ಸುಣ್ಣದಂತಾಗುತ್ತದೆ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ನಾವು ಅದನ್ನು ಮುಪ್ಪು ಅಂದುಕೊಳ್ಳುತ್ತೇವೆ. ಬಿಚ್ಚಿ ಕ್ಲೀನ್ ಮಾಡಿ ಪೇಸ್ಟ್ ಹಚ್ಚಿಸಲು ಕೆಲವು ನೂರು ರೂಪಾಯಿ ಸಾಕು. ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟು ಬಳಸದಿದ್ದರೆ ಅದೂ ಅಪರೂಪಕ್ಕೆ ಬೇಕಾದೀತು.

ಇಷ್ಟು ಸವಕಳಿಯ ಮಾತು. ಇನ್ನೊಂದು ಲ್ಯಾಪ್‌ಟಾಪ್ ಕಥೆ ಬೇರೆ. ನನ್ನ ಚಿಕ್ಕಮ್ಮನ ಮಗಳಿಗೆ ಕೋವಿಡ್ ಆನ್‌ಲೈನ್ ಕ್ಲಾಸಿಗೆಂದು ತೆಳ್ಳಗಿನ, ಹಗುರವಾದ ಲ್ಯಾಪ್‌ಟಾಪ್ ಕೊಡಿಸಿದ್ದರು. ಅದರ ರ‍್ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿದೆ, ಕೊಂಡ ದಿನ ಎಷ್ಟಿತ್ತೋ ಸಾಯುವ ತನಕ ಅಷ್ಟೇ. ಕೀಬೋರ್ಡನ್ನು ಮೇಲಿನ ಕವಚಕ್ಕೆ ಸೇರಿಸಿಬಿಟ್ಟಿದ್ದಾರೆ, ಒಂದು ಕೀ ಹೋದರೂ ಇಡೀ ಕವಚ ಬದಲಿಸಬೇಕು. ವಾರಂಟಿ ಮುಗಿದ ಕೆಲವೇ ತಿಂಗಳಿಗೆ ಅದು ಆನ್ ಆಗುವುದನ್ನೇ ನಿಲ್ಲಿಸಿತು. ಕಂಪನಿಯ ಸರ್ವಿಸ್ ಸೆಂಟರ್‌ನವರು ಮದರ್‌ಬೋರ್ಡ್ ಬದಲಿಸಬೇಕು ಅಂದರು. ಕೇಳಿದ್ದು ಲ್ಯಾಪ್‌ಟಾಪ್ ಬೆಲೆಯ ಹತ್ತಿರ ಹತ್ತಿರ ಮೂರನೇ ಎರಡು ಭಾಗ. ‘ಇದಕ್ಕಿಂತ ಹೊಸದೇ ತಗೊಳ್ಳಿ ಮೇಡಂ’ ಎಂಬ ಸಲಹೆ ಬೇರೆ.

ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಮಹಡಿ ಅಂಗಡಿಯಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂತಿದ್ದ ಹುಡುಗ ಅರ್ಧ ಗಂಟೆ ನೋಡಿ ಹೇಳಿದ: ‘ಬೋರ್ಡ್ ಹೋಗಿಲ್ಲ ಅಕ್ಕ, ಚಾರ್ಜಿಂಗ್ ಐಸಿ ಒಂದು ಹೋಗಿದೆ.’ ಎರಡೂವರೆ ಸಾವಿರಕ್ಕೆ ಕೆಲಸ ಮುಗಿಯಿತು. ಅವನು ನೋಡುತ್ತಿದ್ದ ಸರ್ಕ್ಯೂಟ್ ನಕ್ಷೆ ಕಂಪನಿ ಕೊಟ್ಟದ್ದಲ್ಲ. ಮೆಕ್ಯಾನಿಕ್‌ಗಳ ನಡುವೆ ಫೋನಿಂದ ಫೋನಿಗೆ ಹರಿದಾಡುವ ಫೈಲು. ಹಾಕಿದ ಐಸಿ ಸತ್ತ ಇನ್ನೊಂದು ಬೋರ್ಡಿನಿಂದ ಕಿತ್ತದ್ದು. ನಮ್ಮ ದೇಶದಲ್ಲಿ ರಿಪೇರಿ ಅನ್ನೋದು ನಿಂತಿರುವುದೇ ಇಂಥ ಹುಡುಗರ ಮೇಲೆ. ಅವರಿಗೆ ಬೇಕಾದ ಮಾಹಿತಿ, ಬಿಡಿಭಾಗ ಎರಡೂ ಬರುವುದು ಹಿಂಬಾಗಿಲಿನಿಂದ.

ಮುಂಬಾಗಿಲು ತೆರೆಯಲು ಸರ್ಕಾರ ಏನು ಮಾಡಿದೆ? ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿತು, ಡಿಸೆಂಬರ್‌ನಲ್ಲಿ ಪೋರ್ಟಲ್ ಶುರು ಮಾಡಿತು. ಕಂಪನಿಗಳು ಅಲ್ಲಿ ತಮಗೆ ಬೇಕಾದಷ್ಟು ಮಾಹಿತಿ ಹಾಕುತ್ತವೆ. ಪೋರ್ಟಲ್ ಇದೆ, ಕಾನೂನು ಇಲ್ಲ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್ ಮಾರುವವರು ಅದು ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಎಂಬುದಕ್ಕೆ ಹತ್ತಕ್ಕೆ ಇಂತಿಷ್ಟು ಎಂಬ ಅಂಕವನ್ನು ಬೆಲೆಯ ಪಕ್ಕದಲ್ಲೇ ತೋರಿಸಬೇಕು. ಇನ್ನು ನಮ್ಮ 2022ರ ಇ-ತ್ಯಾಜ್ಯ ನಿಯಮಗಳಲ್ಲಿ ಉತ್ಪಾದಕರು ಎಷ್ಟು ತ್ಯಾಜ್ಯವನ್ನು ರೀಸೈಕಲ್ ಮಾಡಿಸಬೇಕು ಎಂಬುದಕ್ಕೆ ವರ್ಷವಾರು ಗುರಿ ಇದೆ, 2025-26ಕ್ಕೆ ಶೇ. 70. ಬಿಚ್ಚಲು ಬರುವ ಹಾಗೆ, ಬ್ಯಾಟರಿ ಬದಲಿಸಲು ಬರುವ ಹಾಗೆ ತಯಾರಿಸಿ ಎನ್ನುವುದಕ್ಕೆ ಅಂಥ ಗುರಿಯೇ ಇಲ್ಲ. ಒಂದು ಲ್ಯಾಪ್‌ಟಾಪ್ ತನ್ನ ಇಡೀ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯ ಬಹುಪಾಲು ಅದು ಕಾರ್ಖಾನೆಯಲ್ಲಿ ತಯಾರಾಗುವಾಗಲೇ ಬಂದಿರುತ್ತದೆ ಅನ್ನುವುದನ್ನು ಮರೆಯಬಾರದು. ಪುಡಿ ಮಾಡಿ ಲೋಹ ತೆಗೆದರೆ ಅದು ವಾಪಸ್ ಬರುವುದಿಲ್ಲ. ತೆರಿಗೆಯನ್ನೇ ನೋಡಿ: ಹೊಸ ಲ್ಯಾಪ್‌ಟಾಪ್‌ಗೂ ಶೇ. 18 ಜಿಎಸ್‌ಟಿ, ಬಿಲ್ ಕೊಡುವ ಕಡೆ ರಿಪೇರಿಗೂ ಶೇ. 18.

ಇದರ ಪೆಟ್ಟು ಯಾರಿಗೆ ಬೀಳುತ್ತದೆ? ಕಂಪನಿ ಕೆಲಸದಲ್ಲಿರುವವರಿಗೆ ಆಫೀಸೇ ಹೊಸ ಲ್ಯಾಪ್‌ಟಾಪ್ ಕೊಡುತ್ತದೆ. ಮನೆಗೆಲ್ಲ ಒಂದೇ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗೆ ಅದು ಕೆಟ್ಟರೆ ಆ ಸೆಮಿಸ್ಟರೇ ಕೆಟ್ಟಂತೆ. ಕರ್ನಾಟಕದಲ್ಲಿ ಸರ್ಕಾರಿ ಪದವಿ ಕಾಲೇಜು ವಿದ್ಯಾರ್ಥಿಗಳಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ದಾರೆ. ಖರೀದಿ ದರದ ಬಗ್ಗೆ ಗಲಾಟೆಗಳೂ ಆಗಿವೆ, ಆಗಬೇಕಾದ್ದೇ. ಆದರೆ ಹಂಚುವ ದಿನ ಫೋಟೋ ತೆಗೆಸಿಕೊಂಡವರನ್ನು, ಮೂರನೇ ವರ್ಷ ಬ್ಯಾಟರಿ ಕೈಕೊಟ್ಟಾಗ ಸಿಂಧನೂರಿನ ಹುಡುಗಿ ಎಲ್ಲಿಗೆ ಹೋಗಬೇಕು ಅಂತ ಯಾರೂ ಕೇಳುವುದಿಲ್ಲ. ಸಾವಿರಗಟ್ಟಲೆ ಲ್ಯಾಪ್‌ಟಾಪ್ ಕೊಳ್ಳುವ ಸರ್ಕಾರಕ್ಕೆ ಚೌಕಾಸಿ ಮಾಡುವ ಶಕ್ತಿ ಇದೆ. ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಕಳಚಿ ಹಾಕುವಂತಿರಬೇಕು, ಐದು ವರ್ಷ ಬಿಡಿಭಾಗ ನಿಗದಿತ ದರಕ್ಕೆ ಜಿಲ್ಲಾ ಕೇಂದ್ರದಲ್ಲೇ ಸಿಗಬೇಕು, ರಿಪೇರಿ ಕೈಪಿಡಿ ಐಟಿಐಗಳಿಗೆ ಕೊಡಬೇಕು ಎಂದು ಟೆಂಡರ್‌ನಲ್ಲಿ ನಾಲ್ಕು ಸಾಲು ಸೇರಿಸಲು ಹೊಸ ಕಾನೂನೇನೂ ಬೇಕಿಲ್ಲ.

ಸಾಫ್ಟ್‌ವೇರ್ ಹೇರುವ ಮುಪ್ಪಿಗೂ ದಾರಿ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶ ಬಳಸುತ್ತಿವೆ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಒಂದು ಆವೃತ್ತಿ ತಯಾರಿಸಿದೆ. ವಿಂಡೋಸ್ 11 ಒಪ್ಪದ ಹಳೆಯ ಯಂತ್ರದಲ್ಲಿ ಲಿನಕ್ಸ್ ಮಿಂಟ್ ಆರಾಮಾಗಿ ಓಡುತ್ತದೆ, ಕನ್ನಡ ಟೈಪಿಂಗ್‌ಗೂ ತೊಂದರೆ ಇಲ್ಲ. ಟ್ಯಾಲಿ, ಆಟೋಕ್ಯಾಡ್ ಬೇಕಾದವರಿಗೆ ಕಷ್ಟ. ಬರೆಯಲು, ಓದಲು, ಬ್ರೌಸ್ ಮಾಡಲು, ಕೋಡಿಂಗ್ ಕಲಿಯಲು ಧಾರಾಳ ಸಾಕು.

ಮುಂದಿನ ಸಲ ಅಂಗಡಿಗೆ ಹೋದಾಗ ಪ್ರೊಸೆಸರ್ ಯಾವುದು ಅಂತ ಕೇಳುವ ಮೊದಲು ಇಷ್ಟು ಕೇಳಿ: ರ‍್ಯಾಮ್‌ಗೆ ಸ್ಲಾಟ್ ಇದೆಯಾ, ಇಲ್ಲಾ ಬೆಸುಗೆಯಾ? ಬ್ಯಾಟರಿ ಈಗ ಕೊಂಡರೆ ಎಷ್ಟು? ಹಿಂದಿನ ಮುಚ್ಚಳ ನಾನೇ ಬಿಚ್ಚಿದರೆ ವಾರಂಟಿ ಹೋಗುತ್ತಾ? ಸೇಲ್ಸ್‌ನವರು ತಡಬಡಾಯಿಸಿದರೆ ಪರವಾಗಿಲ್ಲ, ಮಾಡೆಲ್ ನಂಬರ್ ಬರೆದುಕೊಂಡು ಬಂದು ಎಸ್‌ಪಿ ರೋಡಿನಲ್ಲೋ ನಿಮ್ಮೂರಿನ ರಿಪೇರಿ ಅಂಗಡಿಯಲ್ಲೋ ವಿಚಾರಿಸಿ. ಯಾವ ಮಾಡೆಲ್ ಬಿಚ್ಚೋಕೆ ಬರುತ್ತೆ, ಯಾವುದು ಬರಲ್ಲ ಅನ್ನೋದು ಅವರಿಗೆ ಬಾಯಿಪಾಠ ಇರುತ್ತದೆ.